ನೆನೆದರೆ ನೆನೆ, ಒದ್ದೆಯಲ್ಲಿ ಕೂರಬೇಡ

ತಮ್ಮಾ,

ರೋಹಿಣಿ ಮಳೆ ಅಲ್ಲೊಂದು ಇಲ್ಲೊಂದು ಹನಿ ಹಾಕಿ ಹೋಗಿದೆ. ಮೃಗಶಿರ ಹುಟ್ಟಲು ಇನ್ನು ಹೆಚ್ಚು ದಿನ ಇಲ್ಲ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಒಂದರ ಬೆನ್ನಿಗೆ ಒಂದು. ಹೋದ ವರ್ಷದ ಮಳೆಗಾಲ ನಿನಗೆ ಆಸ್ಪತ್ರೆಯ ಮಂಚದ ಮೇಲೆ ಕಳೆಯಿತು. ವೀಲ್‌ಚೇರಿನಲ್ಲಿ ಕೂತು ನೋಡುವ ಮೊದಲ ಮಳೆಗಾಲ ಇದೇ. ಪೇಟೆಯ ಜೆರಾಕ್ಸ್ ಅಂಗಡಿಯವರು ಜೂನ್‌ನಿಂದಲೇ ಬಾ ಅನ್ನುತ್ತಾರೆ, ಮನೆಯವರು ದೀಪಾವಳಿ ಕಳೆಯಲಿ ಅನ್ನುತ್ತಾರೆ, ಏನು ಮಾಡಲಿ ಮಾವಾ ಅಂತ ಕೇಳಿದೆಯಲ್ಲ, ನನ್ನ ಉತ್ತರ ಇಷ್ಟೇ: ಜೂನ್‌ನಿಂದಲೇ ಹೋಗು.

ಅಮ್ಮ ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. "ಈ ಮಳೇಲಿ ಎಲ್ಲಿಗೋ ಹೋಗ್ತೀಯ, ಬೆಚ್ಚಗೆ ಮನೇಲಿರು" ಅನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ನಮ್ಮದು ಬಯಲುಸೀಮೆಯಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು ಮಳೆಯಾದರೆ ನಮ್ಮ ಆಗುಂಬೆಯಲ್ಲಿ 7000ಕ್ಕೂ ಹೆಚ್ಚು. ಮಳೆ ಬಿಡಲಿ ಅಂತ ಕಾದವನು ಇಲ್ಲಿ ವರ್ಷದ ಮೂರರಲ್ಲೊಂದು ಪಾಲು ಜಗಲಿಯಲ್ಲಿ ಕಾಯಬೇಕು. ಮಳೆ ಬಿಟ್ಟ ಮೇಲೆ ಅಡಿಕೆ ಸುಲಿತ ಮುಗಿಯಲಿ ಅನ್ನುತ್ತಾರೆ, ಆಮೇಲೆ ಚಳಿ ಕಳೆಯಲಿ ಅನ್ನುತ್ತಾರೆ. ಇನ್ನೊಂದು ಲೆಕ್ಕವೂ ಇದೆ. ನಿನಗೀಗ ಕಾಲಿನ ಕೆಲಸವನ್ನೂ ತೋಳೇ ಮಾಡಬೇಕು. ನಾಲ್ಕು ತಿಂಗಳು ಚಕ್ರ ತಳ್ಳದೆ, ಮೂರು ಹೊತ್ತು ಬಿಸಿಬಿಸಿ ಕಡುಬು ತಿಂದು ಕೂತರೆ ತೋಳಿನ ಬಲ ಇಳಿಯುತ್ತದೆ, ಮೈ ಭಾರ ಏರುತ್ತದೆ. ಆಮೇಲೆ ಕುರ್ಚಿಯಿಂದ ಮಂಚಕ್ಕೆ ಜರುಗುವುದಕ್ಕೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ನಾನೂ ಮರದಿಂದ ಬಿದ್ದವನೇ. ಹೀಗೆ ಜಗಲಿಯಲ್ಲೇ ಉಳಿದುಹೋದವರನ್ನು ಈ ಸೀಮೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಹೋಗು ಅಂದೆನೆಂದು ಹಾಗೇ ಹೊರಡುವುದೂ ಅಲ್ಲ. ಮಳೆಯಲ್ಲಿ ನೆನೆದರೆ ಶೀತವಾಗುತ್ತದೆ ಅಂತ ಮನೆಯವರಿಗೆ ಹೆದರಿಕೆ. ನಮ್ಮಂಥವರಿಗೆ ಶೀತ ದೊಡ್ಡದಲ್ಲ, ನೆನೆದ ಬಟ್ಟೆಯಲ್ಲಿ, ನೆನೆದ ಕುಶನ್ ಮೇಲೆ ಹಾಗೇ ಕೂತಿರುವುದು ದೊಡ್ಡದು. ನಡೆಯುವವನ ಚಡ್ಡಿ ಒದ್ದೆಯಾದರೆ ಬದಲಾಯಿಸುವ ತನಕ ಮೈ ಅವನನ್ನು ಸುಮ್ಮನೆ ಬಿಡುವುದಿಲ್ಲ. ನಿನಗೆ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಹಾಗೆ ಪೀಡಿಸುವವರು ಯಾರೂ ಇಲ್ಲ. ಬಹಳ ಹೊತ್ತು ಒದ್ದೆಯಲ್ಲಿದ್ದ ಚರ್ಮ ಬಿಳಿಚಿಕೊಂಡು ಮೆತ್ತಗಾಗುತ್ತದೆ. ದಿನವಿಡೀ ನೆಟ್ಟಿ ಮಾಡಿ ಗದ್ದೆಯಿಂದ ಬಂದವರ ಅಂಗಾಲು ನೋಡಿದ್ದೀಯಲ್ಲ, ಹಾಗೆ. ಆ ಮೆತ್ತನೆ ಚರ್ಮದ ಮೇಲೆ ಇಡೀ ಮೈಯ ಭಾರ ಬಿದ್ದಿರುತ್ತದೆ. ಒಳಗಿನಿಂದ ಕುಂಡೆಯ ಎರಡು ಎಲುಬು ಒತ್ತುತ್ತವೆ, ಜರುಗುವಾಗ ಹೊರಗಿನಿಂದ ಬಟ್ಟೆ ಉಜ್ಜುತ್ತದೆ. ಬೇಸಿಗೆಯಲ್ಲಾದರೆ ಬರೀ ಕೆಂಪಾಗಿ ಹೋಗುತ್ತಿದ್ದ ಜಾಗ ಮಳೆಗಾಲದಲ್ಲಿ ಸುಲಿದು ಬೆಡ್‌ಸೋರ್ ಆಗುತ್ತದೆ. ಅದು ಮಾಯಲು ತಿಂಗಳುಗಟ್ಟಲೆ ಮಗುಚಿ ಮಲಗಬೇಕು. ದೀಪಾವಳಿಯವರೆಗೆ ಮನೆಯಲ್ಲಿರು ಅಂದವರ ಮಾತು ಆಗ ತಾನಾಗಿಯೇ ನಿಜವಾಗುತ್ತದೆ.

ಆದ್ದರಿಂದ ಮೈ ಹೇಳದ್ದನ್ನು ಕೈಯನ್ನೇ ಕೇಳಿ ತಿಳಿದುಕೊಳ್ಳಬೇಕು. ಅಂಗಡಿ ಮುಟ್ಟಿದ ಕೂಡಲೇ ತೊಡೆಯಡಿಗೆ ಅಂಗೈ ತೂರಿಸಿ ನೋಡು. ಬೆರಳಿಗೆ ತಣ್ಣಗೆ ತಾಗಿದರೆ ಗಿರಾಕಿ ನಿಂತಿದ್ದಾರೆ ಅಂತ ನೋಡಬೇಡ, ಮೊದಲು ಬಟ್ಟೆ ಬದಲಾಯಿಸು. ಅದಕ್ಕಾಗಿ ಅಂಗಡಿಯಲ್ಲೊಂದು ಮುಚ್ಚಳದ ಡಬ್ಬದಲ್ಲಿ ಒಂದು ಪ್ಯಾಂಟು, ಒಳಚಡ್ಡಿ, ಟವೆಲ್ಲು, ಇನ್ನೊಂದು ಕುಶನ್ ಕವರು ಇಟ್ಟುಬಿಡು. ಜೀನ್ಸ್ ಆಸೆ ಬಿಡು. ಅದು ಒದ್ದೆಯಾದರೆ ನಮ್ಮಲ್ಲಿ ವಾರವಾದರೂ ಒಣಗುವುದಿಲ್ಲ, ಮೇಲಾಗಿ ಅದರ ದಪ್ಪ ಹೊಲಿಗೆ, ಹಿಂದಿನ ಜೇಬು ಚರ್ಮಕ್ಕೆ ಒತ್ತುತ್ತವೆ. ಬೇಗ ಒಣಗುವ ತೆಳು ಟ್ರ್ಯಾಕ್ ಪ್ಯಾಂಟೇ ಸಾಕು. ಎರಡು ಕೈ ಊರಿ ಮೈ ಎತ್ತಿ ಹಿಡಿಯುವುದನ್ನು ಕಲಿತು ಬಂದಿದ್ದೀಯಲ್ಲ, ಅದು ಅಂಗಡಿಯಲ್ಲೂ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ನಡೆಯಲಿ. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಹಿಂಭಾಗ ನೋಡಿಕೊಳ್ಳುವುದು ಯಾವ ಕಾಲಕ್ಕೂ ಇದ್ದದ್ದೇ. ಮಳೆಗಾಲದಲ್ಲಿ ಕರೆಂಟು ಹೋಗಿದೆ ಅಂತ ಅದನ್ನು ಬಿಡಬೇಡ, ಟಾರ್ಚ್ ಹಿಡಿದು ನೋಡು.

ಕುಶನ್ನಿನ ಫೋಮ್ ಒಮ್ಮೆ ನೀರು ಕುಡಿಯಿತೆಂದರೆ ಆಶ್ಲೇಷದ ಹವೆಯಲ್ಲಿ ಒಣಗಿಸುವುದು ಯಾರಿಂದಲೂ ಆಗದು. ಫೋಮಿಗೆ ಒಂದು ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬಟ್ಟೆಯ ಕವರು ಹಾಕು. ನೇರ ರೆಕ್ಸಿನ್ ಮೇಲೆ ಕೂರಬೇಡ. ರೆಕ್ಸಿನ್ ಮಳೆನೀರನ್ನು ಒಳಗೆ ಬಿಡುವುದಿಲ್ಲ, ನಿಜ, ನಿನ್ನ ಬೆವರನ್ನೂ ಹೊರಗೆ ಬಿಡುವುದಿಲ್ಲ. ಪೇಟೆಗೆ ಹೋಗುವ ಜೀಪು ಹತ್ತುವಾಗ ಕುರ್ಚಿ ಮಡಚಿ ಮೇಲಿನ ಕ್ಯಾರಿಯರಿಗೆ ಹಾಕುತ್ತಾರೆ, ಹಾಕಲಿ, ಕಬ್ಬಿಣ ನೆನೆದರೆ ಒರೆಸಿಕೊಳ್ಳಬಹುದು. ಕುಶನ್ ಮಾತ್ರ ನಿನ್ನ ಮಡಿಲಲ್ಲೇ ಬರಬೇಕು. ಇಳಿಯುವಾಗ ಮೊದಲು ಕುರ್ಚಿಯ ಸೀಟು ಒರೆಸಿಸಿ, ಆಮೇಲೆ ಕುಶನ್ ಇಟ್ಟು, ಆಮೇಲೆ ನೀನು ಜರುಗು. ಮಳೆ ಜಡಿಯುತ್ತಿರುವಾಗ ಎಲ್ಲರಿಗೂ ಅವಸರ. "ಬಾರೋ ಬಾರೋ" ಅಂತ ಎಳೆಯುತ್ತಾರೆ. ಕುಶನ್ ಬರುವ ತನಕ ನೀನು ಸೀಟು ಬಿಟ್ಟು ಏಳಬೇಡ.

ಈಗ ಬಚ್ಚಲ ಒಲೆಯ ವಿಷಯ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಅದಕ್ಕಿಂತ ಸುಖದ ಜಾಗ ಇನ್ನೊಂದಿಲ್ಲ. ಹಂಡೆಯ ಕೆಳಗೆ ಕುಂಟೆ ಉರಿಯುತ್ತಿರುತ್ತದೆ, ಮೇಲೆ ಗಳದಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಹಲಸಿನ ಬೀಜ ಸುಡುತ್ತಿರುತ್ತಾರೆ. ಮಳೆಯಿಂದ ಬಂದ ನಿನ್ನನ್ನು ಪ್ರೀತಿಯಿಂದ ಅಲ್ಲಿಗೇ ತಳ್ಳಿಕೊಂಡು ಹೋಗುತ್ತಾರೆ. ಮುಖಕ್ಕೆ ಹಿತವಾಗಿ ತಾಗುವ ಬಿಸಿ ಒಲೆಯ ಬಾಯಿಗೇ ಚಾಚಿದ ಕಾಲನ್ನು ಬೇಯಿಸುತ್ತಿರುತ್ತದೆ, ಕಾಲು ಸುದ್ದಿ ಕಳಿಸುವುದಿಲ್ಲ. ನಮ್ಮ ಕಡೆಯ ಒಬ್ಬರು ಹೀಗೆ ಕಾಯಿಸಿಕೊಂಡು ಎದ್ದಾಗ ಮೀನಖಂಡದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು, ಅದನ್ನು ಮೊದಲು ಕಂಡದ್ದು ಮೊಮ್ಮಗಳು. ಒಲೆಗೆ ಬೆನ್ನು ಹಾಕಿ ಕೂರು, ಭುಜಕ್ಕೆ ಅರಿವಿದೆ, ಬಿಸಿ ಹೆಚ್ಚಾದರೆ ಅದು ಹೇಳುತ್ತದೆ. ಬಿಸಿನೀರಿನ ಚೀಲ ಕಾಲ ಬಳಿ ಇಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ. ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡಿಯೇ ಹೊಯ್ದುಕೋ. ಕಾಲು ಬೆಚ್ಚಗಿಡಲು ಕಂಬಳಿಯೇ ಒಳ್ಳೆಯದು, ತುಸು ತೇವವಾದರೂ ಅದರ ಬಿಸುಪು ಹೋಗುವುದಿಲ್ಲ. ಚಳಿಗೆ ನಿನ್ನ ಕಾಲು ಒಮ್ಮೊಮ್ಮೆ ತಾನಾಗಿ ಎಗರಿ ಸೆಟೆದುಕೊಳ್ಳುವುದು ಹೆಚ್ಚಾಗಬಹುದು. ಮನೆಯವರು ಅದನ್ನು ಕಂಡು ಕಾಲಿಗೆ ಜೀವ ಬಂತು ಅಂತ ಹರಕೆ ಹೊರುವ ಮೊದಲು ನೀನೇ ತಿಳಿಸಿ ಹೇಳು.

ಬಚ್ಚಲಿಗೆ ಹೋಗಲು ಅಂಗಳ ದಾಟಬೇಕು, ಅಂಗಳದಲ್ಲಿ ಮಳೆ. ಹಾಗಂತ ನೀರು ಕುಡಿಯುವುದನ್ನು ಕಡಿಮೆ ಮಾಡುವ ಉಪಾಯ ನಿನಗೂ ಹೊಳೆದೇ ಹೊಳೆಯುತ್ತದೆ. ಎಲ್ಲರಿಗೂ ಹೊಳೆದಿದೆ. ಚಳಿ ಹವೆಯಲ್ಲಿ ಬಾಯಾರಿಕೆ ಕಡಿಮೆ, ಮೂತ್ರ ಮಾತ್ರ ಹೆಚ್ಚು. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಕಲ್ಲು ಎರಡಕ್ಕೂ ದಾರಿ. ಡಾಕ್ಟರು ಹೇಳಿದಷ್ಟು ನೀರು, ಹೇಳಿದ ಹೊತ್ತಿಗೆ ಕ್ಯಾತಿಟರ್, ಇದರಲ್ಲಿ ಮಳೆಗಾಲಕ್ಕೆ ರಿಯಾಯಿತಿ ಇಲ್ಲ. ಅಂಗಡಿಗೆ ಹೋಗುವ ಮಾತು ಪಕ್ಕಾ ಮಾಡುವಾಗ ಸಂಬಳಕ್ಕಿಂತ ಮುಂಚೆ ಶೌಚಾಲಯ ಕೇಳು: ಬಾಗಿಲು ಎಷ್ಟು ಅಗಲ, ಒಳಗೆ ಕುರ್ಚಿ ತಿರುಗುತ್ತದೋ ಇಲ್ಲವೋ, ನಲ್ಲಿಯಲ್ಲಿ ನೀರು ಇದೆಯೋ. ನಾಚಿಕೊಳ್ಳುವ ವಿಷಯ ಇದಲ್ಲ. ರಸ್ತೆಯ ಕೆಸರು ಚಕ್ರಕ್ಕೆ, ಚಕ್ರದಿಂದ ನಿನ್ನ ಅಂಗೈಗೆ ಬರುತ್ತದೆ. ಅದೇ ಕೈಯಲ್ಲಿ ಕ್ಯಾತಿಟರ್ ಹಿಡಿಯುವವನು ನೀನು. ಸಾಬೂನು ಚೀಲದಲ್ಲೇ ಇರಲಿ.

ಇಲಿಜ್ವರ ಬರುವುದೂ ಆ ಕೆಸರು ನೀರಿನಿಂದಲೇ, ಗಾಯದ ಮೂಲಕ. ಆ ಜ್ವರದಲ್ಲಿ ಮೀನಖಂಡ ಸಿಡಿಯುತ್ತದೆ ಅನ್ನುತ್ತಾರೆ, ನಿನಗೆ ಅದು ಗೊತ್ತಾಗುವುದಿಲ್ಲ. ಮೂತ್ರದ ಸೋಂಕಿನ ಉರಿಯೂ ಗೊತ್ತಾಗುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ನಿನಗೆ ಜ್ವರ ಬಂದರೆ ಕಷಾಯ ಕುಡಿದು ಎರಡು ದಿನ ನೋಡೋಣ ಅನ್ನುವುದು ಬೇಡ. ಮೂತ್ರ ಕದಡಿದೆಯೇ, ನಾತ ಬರುತ್ತಿದೆಯೇ, ಕಣ್ಣು ಕೆಂಪಾಗಿದೆಯೇ ನೋಡಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗು. ಬೆನ್ನುಹುರಿಗೆ ಪೆಟ್ಟಾಗಿದೆ, ಕಾಲಿಗೆ ಸ್ಪರ್ಶವಿಲ್ಲ ಅಂತ ಮೊದಲೇ ಹೇಳು. ಇಂಬಳವೂ ಹಾಗೇ. ನಡೆಯುವವರಿಗೂ ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಆಮೇಲೆ ತುರಿಸಿ ಗೊತ್ತಾಗುತ್ತದೆ. ನಿನಗೆ ತುರಿಕೆಯೂ ಇಲ್ಲ. ಮನೆಗೆ ಬಂದ ಮೇಲೆ ಶೂ, ಕಾಲುಚೀಲ ಬಿಚ್ಚಿ ಬೆರಳ ಸಂದಿ ನೋಡಿ, ಒರೆಸಿ ಒಣಗಿಸು. ಬೆಳಿಗ್ಗೆ ಶೂ ಕೊಡವಿ ಹಾಕಿಕೋ.

ಕೊಡೆ ನಮ್ಮ ಪಾಲಿಗಿಲ್ಲ. ಎರಡು ಕೈಯೂ ಚಕ್ರದ ಮೇಲಿರುವಾಗ ಕೊಡೆ ಹಿಡಿಯುವವರಾರು? ಹಿಂದೆ ನೆಟ್ಟಿಗೆ ಇಳಿಯುವವರು ಬೆನ್ನಿಗೆ ಗೊರಬು ಹಾಕಿಕೊಳ್ಳುತ್ತಿದ್ದರಲ್ಲ, ಬಿದಿರಿನ ಹೆಣಿಗೆಗೆ ಎಲೆ ಹೊದಿಸಿದ್ದು? ಎರಡು ಕೈ ಖಾಲಿ ಬೇಕಾದವರು ಕಂಡುಕೊಂಡ ಉಪಾಯ ಅದು. ನಮಗೆ ಬೇಕಾದದ್ದೂ ಅದೇ ಜಾತಿಯದು. ಬೈಕಿನವರ ರೇನ್‌ಕೋಟ್ ತಂದುಕೊಟ್ಟಿದ್ದಾರೆ ಅಂದೆಯಲ್ಲ, ಅದನ್ನು ಹಾಕಿಕೊಂಡು ಒಂದು ಗಳಿಗೆ ಮಳೆಯಲ್ಲಿ ಕೂತು ನೋಡು. ಎದೆಯ ಮೇಲೆ ಬಿದ್ದ ನೀರೆಲ್ಲ ಜಾರಿ ಮಡಿಲಲ್ಲಿ ಹೊಂಡವಾಗಿ ನಿಲ್ಲುತ್ತದೆ, ಅಲ್ಲಿಂದ ಹೊಲಿಗೆಯ ಸಂದಿ ಹುಡುಕಿಕೊಂಡು ಸೀದಾ ಕುಶನ್ನಿಗೆ ಇಳಿಯುತ್ತದೆ. ಬೈಕಿನವರಿಗೂ ಇದೇ ಪಾಡು, ಆದರೆ ಅವರು ಇಳಿದು ಕೊಡವಿಕೊಳ್ಳುತ್ತಾರೆ.

ತೀರ್ಥಹಳ್ಳಿಯಲ್ಲಿ ದಪ್ಪ ಪ್ಲಾಸ್ಟಿಕ್ ತಂದು ಒಂದು ಕೊಪ್ಪೆ ಹೊಲಿಸು. ಅಳತೆ ತೆಗೆಯುವಾಗ ನೀನು ಕುರ್ಚಿಯಲ್ಲಿ ಕೂತಿರಬೇಕು. ಮುಂದೆ ಅದು ಮಂಡಿ ದಾಟಿ ಪಾದ ಇಡುವ ಹಲಗೆಯ ಆಚೆಗೆ ಇಳಿಬಿದ್ದಿರಲಿ, ನೀರು ಮಡಿಲಲ್ಲಿ ನಿಲ್ಲದೆ ಮುಂದಕ್ಕೆ ಹರಿದುಹೋಗುತ್ತದೆ. ಮಡಿಲಲ್ಲಿ ಚೀಲ ಇಟ್ಟುಕೊಂಡರೆ ಇಳಿಜಾರು ಇನ್ನೂ ಚೆನ್ನಾಗಿ ಸಿಗುತ್ತದೆ. ಹಿಂದೆ ಅದು ಬೆನ್ನಿನ ಒರಗಿನ ಹೊರಗೆ ಬೀಳಲಿ, ಕುಂಡೆಯಡಿಗೆ ಸಿಕ್ಕಬಾರದು. ಪಕ್ಕದಲ್ಲಿ ಚಕ್ರದ ಮೇಲಂಚಿಗೇ ನಿಲ್ಲಿಸಿಬಿಡು. ಉದ್ದವಾದರೆ ಚಕ್ರ ಅದನ್ನು ಒಳಗೆಳೆದು ಕಡ್ಡಿಗೆ ಸುತ್ತಿಕೊಳ್ಳುತ್ತದೆ, ಕೊಪ್ಪೆಯ ಕುತ್ತಿಗೆ ಇರುವುದು ನಿನ್ನ ಕುತ್ತಿಗೆಯಲ್ಲಿ. ಅದಕ್ಕೇ ಕೊರಳಿಗೆ ದಾರ ಕಟ್ಟಿಸಬೇಡ, ಎಳೆದರೆ ಬಿಚ್ಚುವ ಟಿಚ್ ಬಟನ್ ಸಾಕು. ತಲೆಯ ಭಾಗ ಕಣ್ಣಿಗೆ ಅಡ್ಡ ಬಂದು ಪಕ್ಕದ ರಸ್ತೆ ಕಾಣದಂತೆ ಮಾಡುತ್ತದೆ, ಒಳಗೊಂದು ಅಂಚಿರುವ ಟೋಪಿ ಹಾಕಿಕೊಂಡರೆ ತಲೆಯ ಜೊತೆಗೆ ಅದೂ ತಿರುಗುತ್ತದೆ. ಟೈಲರು "ಇದೆಂಥ ಅಳತೆ ಮಾರಾಯ" ಅಂತ ನಗುತ್ತಾನೆ, ನಗಲಿ, ಹೊಲಿದುಕೊಟ್ಟರೆ ಸಾಕು.

ಒದ್ದೆಯಾದ ರಿಮ್ಮು ಕೈಗೆ ನಿಲ್ಲುವುದಿಲ್ಲ, ತಳ್ಳಲೂ ಜಾರುತ್ತದೆ, ತಡೆಯಲೂ ಜಾರುತ್ತದೆ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ರಿಮ್ಮಿಗೆ ಬಿಗಿಯಾಗಿ ಸುತ್ತಿಸು. ತೋಟದ ಕೆಲಸಕ್ಕೆ ಹಾಕುವ, ಅಂಗೈಗೆ ರಬ್ಬರ್ ಬಳಿದ ಗ್ಲೌಸ್ ಯಾವ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ. ಬರಿಗೈಯಲ್ಲಿ ಟ್ಯೂಬ್ ಸುತ್ತಿದ ರಿಮ್ಮು ಹಿಡಿದು ಇಳುಕಲು ಇಳಿದರೆ ಅಂಗೈ ಸುಲಿಯುತ್ತದೆ, ಅದಕ್ಕೆ ಎರಡೂ ಬೇಕು. ಬ್ರೇಕಿನ ವಿಷಯ ಇನ್ನೂ ಮುಖ್ಯ. ನಮ್ಮ ಕುರ್ಚಿಯ ಬ್ರೇಕ್ ಅಂದರೆ ಟಯರಿಗೆ ಒತ್ತುವ ಒಂದು ತುಂಡು, ಅಷ್ಟೇ. ಟಯರು ಒದ್ದೆಯಾಗಿ, ಗಾಳಿಯೂ ಕಡಿಮೆಯಾಗಿದ್ದರೆ ಬ್ರೇಕ್ ಹಾಕಿಯೂ ಕುರ್ಚಿ ಸರಿಯುತ್ತದೆ. ಜರುಗುವ ಹೊತ್ತಿನಲ್ಲಿ ಹಾಗಾದರೆ ನೆಲವೇ ಗತಿ. ವಾರಕ್ಕೊಮ್ಮೆ ಗಾಳಿ ಒತ್ತಿ ನೋಡು, ಜರುಗುವ ಮುಂಚೆ ಟಯರು ಒರೆಸು. ಸಂಜೆ ಮನೆಗೆ ಬಂದಾಗ ಕುರ್ಚಿಯನ್ನೂ ಒಣಬಟ್ಟೆಯಲ್ಲಿ ಒರೆಸಿ, ಮುಂದಿನ ಪುಟ್ಟ ಗಾಲಿಗೆ ಸುತ್ತಿದ ಕೂದಲು, ನಾರು, ಕೆಸರು ತೆಗೆಸು. ಬೇರಿಂಗಿಗೆ ಗ್ರೀಸು ಹಾಕುವುದು ಸೈಕಲ್ ಶಾಪಿನವನಿಗೆ ಗೊತ್ತು. ಬ್ಯಾಟರಿ ಕುರ್ಚಿಯ ಆಸೆ ಈ ಮಳೆಗಾಲಕ್ಕೆ ಬೇಡ, ನಮ್ಮೂರ ಕರೆಂಟು ನಂಬಿ ಅದನ್ನು ಇಟ್ಟುಕೊಳ್ಳಲಾಗದು.

ಅಂಗಳಕ್ಕೆ ಅಪ್ಪ ಅಡಿಕೆ ದಬ್ಬೆ ಹಾಸುತ್ತಾರೆ. ನಡೆಯುವವರಿಗೆ ಅದು ಸರಿ, ನಿನ್ನ ಪುಟ್ಟ ಗಾಲಿ ದಬ್ಬೆಯ ಸಂದಿಗೆ ಸಿಕ್ಕಿದರೆ ನೀನು ಮುಂದಕ್ಕೆ ಮುಗ್ಗರಿಸುತ್ತೀ. ಕೊಟ್ಟಿಗೆಯಲ್ಲಿ ದನಕ್ಕೆ ಹಾಸುವ ರಬ್ಬರ್ ಮ್ಯಾಟ್ ಇದೆಯಲ್ಲ, ಗೆರೆ ಗೆರೆ ಇರುವುದು, ಜಗಲಿಯಿಂದ ಬಚ್ಚಲಿಗೆ, ಜಗಲಿಯಿಂದ ಜೀಪು ನಿಲ್ಲುವಲ್ಲಿಗೆ ಅದನ್ನೇ ಹಾಸಿಸು. ಉಳಿದ ಕಡೆ ಹಾವಸೆ ಕಟ್ಟುವ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸು. ಜಗಲಿಯಿಂದ ಇಳಿಯಲು ಇಟ್ಟ ಹಲಗೆ ಮಾತ್ರ ನನಗೆ ಸರಿ ಕಾಣಲಿಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು ಅನ್ನುವುದು ಎಲ್ಲ ಕಡೆ ಒಪ್ಪಿದ ಲೆಕ್ಕ. ನಿಮ್ಮ ಜಗಲಿ ಎರಡಡಿಗೆ ಕಡಿಮೆ ಇಲ್ಲ, ಹಲಗೆ ಎಂಟಡಿ ಇದ್ದರೆ ಹೆಚ್ಚು. ಬೇಸಿಗೆಯಲ್ಲಿ ಇಬ್ಬರು ಹಿಡಿದು ಇಳಿಸಿದರು, ನಡೆಯಿತು. ಮಳೆಯಲ್ಲಿ ಇಳಿಸುವವರೂ ಜಾರುತ್ತಾರೆ. ಜಗಲಿಯ ಪಕ್ಕಕ್ಕೇ ತಿರುಗಿಸಿ ಸಿಮೆಂಟಿನ ಇಳಿಜಾರು ಮಾಡಿಸಬೇಕು, ಮೇಲ್ಮೈ ಒರಟಾಗಿರಲಿ, ಟೈಲ್ಸ್ ಬೇಡ, ಅಂಚಿಗೆ ಗಾಲಿ ಜಾರದಂತೆ ನಾಲ್ಕು ಬೆರಳು ಕಟ್ಟೆ, ಮೇಲೆ ತಗಡಿನ ಒಂದು ಮಾಡು. ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರಿಗೆಂದು ಮೀಸಲಿಟ್ಟ ಹಣ ಇರುತ್ತದೆ. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ವಿ.ಆರ್.ಡಬ್ಲ್ಯು. ಅನ್ನುತ್ತಾರಲ್ಲ, ಅವರನ್ನು ಹಿಡಿದು ಅರ್ಜಿ ಕೊಡು. ಬೇಗ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಅಲ್ಲಿಯವರೆಗೆ ಹಲಗೆಗೂ ದನದ ಮ್ಯಾಟ್ ಹೊಡೆಸಿ, ಇಳಿಯುವಾಗ ಹಿಮ್ಮುಖವಾಗಿ ಇಳಿ, ಕೆಳಗೆ ಒಬ್ಬರು ನಿಂತು ತಡೆಯಲಿ. ತಡೆಯುವವರ ಕಾಲಲ್ಲಿ ಹವಾಯಿ ಚಪ್ಪಲಿ ಇದ್ದರೆ ಬಿಡಿಸು.

ರಸ್ತೆಯಲ್ಲಿ ತಳ ಕಾಣದ ಕೆಂಪು ನೀರಿಗೆ ಇಳಿಯಬೇಡ. ಇಳಿಯಲೇಬೇಕಾದರೆ ಹಿಂದುಮುಂದಾಗಿ, ದೊಡ್ಡ ಚಕ್ರ ಮೊದಲು ಹೋಗಲಿ, ಪುಟ್ಟ ಗಾಲಿ ಹೊಂಡಕ್ಕೆ ಬಿದ್ದರೆ ನಿನ್ನನ್ನು ಎತ್ತಿ ಒಗೆಯುತ್ತದೆ.

ದೊಡ್ಡ ಮಳೆಯ ಮಾತನ್ನೂ ಆಡಿಬಿಡಬೇಕು. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಗುಡ್ಡ ಜರಿದದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಓಡಿ ಅಂದಾಗ ಓಡಲಾಗದವನು ಮೊದಲೇ ಹೊರಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಳ್ಳಬೇಕು, ಅಪಾಯ ಇದ್ದಾಗ ಅವರಿಗೆ ತಿಳಿಸಬೇಕು. ಆ ಪಟ್ಟಿಯಲ್ಲಿ ನಿನ್ನ ಹೆಸರು, ಮನೆಗೆ ಬರುವ ದಾರಿ ಇದೆಯೇ ಅಂತ ಕೇಳು. ಇಲ್ಲದಿದ್ದರೆ ಬರೆಸು. 1077 ಮತ್ತು 112 ಮೊಬೈಲಿನಲ್ಲಿ ಇರಲಿ. ಸಂಕ ಕೊಚ್ಚಿಹೋಗಿ, ಮರ ಬಿದ್ದು ರಸ್ತೆ ಮುಚ್ಚಿದರೆ ಕೊರಿಯರ್ ಬರುವುದಿಲ್ಲ. ಕ್ಯಾತಿಟರ್, ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಮುಂಚೆಯೇ ತರಿಸಿ ಗಾಳಿಯಾಡದ ಡಬ್ಬದಲ್ಲಿಡು.

ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ ಸೇವಾಭಾರತಿಯವರ ಸೇವಾಧಾಮ ಇದೆ, ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ಇರುವುದು. ಘಾಟಿ ಇಳಿದು ಒಮ್ಮೆ ಹೋಗಿ ಬಾ. ಮಳೆಯೂರಿನಲ್ಲಿ ಕುರ್ಚಿ ಓಡಿಸುವವರ ಹತ್ತಿರ ಅರ್ಧ ದಿನ ಕೂತರೆ ನನ್ನ ಈ ಉದ್ದ ಪುರಾಣಕ್ಕಿಂತ ಹೆಚ್ಚು ಸಿಗುತ್ತದೆ.

ಇನ್ನು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ವಿಷಯ. ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯಲೇಬೇಕು, ಇಲ್ಲದಿದ್ದರೆ ಫಸಲು ಉದುರುತ್ತದೆ, ಗೊತ್ತು. ಕೊನೆಗಾರರು ಸಿಗುವುದಿಲ್ಲ ಅಂತ ನಿನ್ನ ತಮ್ಮ ತಾನೇ ಹತ್ತುತ್ತೇನೆ ಅನ್ನುತ್ತಿದ್ದಾನಂತೆ. ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿಯವರು ಈಗ ಬಾಡಿಗೆಗೂ ಬರುತ್ತಾರೆ. ನೆನೆದ ಮರಕ್ಕೆ ಅವನನ್ನು ಹತ್ತಿಸಬೇಡ ಅಂತ ಅಪ್ಪನಿಗೆ ಹೇಳು. ನಾನು ಹೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ, ನೀನು ಹೇಳಿದರೆ ಕೇಳುತ್ತಾರೆ.

ಮೊದಲ ಮಳೆ ಬಂದ ದಿನ ಸೀದಾ ಪೇಟೆಗೆ ಹೊರಡಬೇಡ. ಕೊಪ್ಪೆ ಹಾಕಿಕೊಂಡು ಅಂಗಳದಲ್ಲೇ ನಾಲ್ಕು ಸುತ್ತು ಹಾಕು, ಹಲಗೆ ಹತ್ತಿ ಇಳಿ, ಕುಶನ್ ಮುಟ್ಟಿ ನೋಡು, ಎಲ್ಲಿಂದ ನೀರು ಬಂತು ಅಂತ ಹುಡುಕಿ ಅಲ್ಲಿಗೆ ಹೊಲಿಗೆ ಹಾಕಿಸು. ಜೀಪಿನವನಿಗೆ ಮುಂದಿನ ಸೀಟು ನಿನಗೇ ಇಡಲು ಈಗಲೇ ಹೇಳಿಟ್ಟಿರು, ಶಾಲೆ ಶುರುವಾದರೆ ಜಾಗ ಸಿಗುವುದಿಲ್ಲ.